ಜೀನಿನ ಗದ್ದೆಗೆ ಬದು ಹಾಕುವವರು ಯಾರು?

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಡಿಂಪಲ್ ನೋತಾನಿ ಅವರ ತಂಡ 2023ರಲ್ಲಿ ‘ಜೀನೋಮ್ ರಿಸರ್ಚ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಕನ್ನಡದಲ್ಲೂ ಚರ್ಚೆಯಾಗಬೇಕಾದದ್ದು. ಅದರ ಗಟ್ಟಿತನಕ್ಕಾಗಿ ಹೇಗೋ, ಅದು ಉಳಿಸಿದ ಅನುಮಾನಕ್ಕಾಗಿಯೂ ಹಾಗೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಮಡಚಿ ಕೂತಿರುತ್ತದೆ. ಕೊಹೆಸಿನ್ ಎಂಬ ಪ್ರೋಟೀನು ಆ ಎಳೆಯನ್ನು ಕುಣಿಕೆಯಾಗಿ ಎಳೆಯುತ್ತಾ ಹೋಗಿ, ಸಿಟಿಸಿಎಫ್ ಎಂಬ ಇನ್ನೊಂದು ಪ್ರೋಟೀನು ಕೂತಿರುವಲ್ಲಿ ನಿಲ್ಲುತ್ತದೆ. ಅಲ್ಲಿಗೆ ಒಂದು ಗಡಿ. ಜೀನನ್ನು ದೂರದಿಂದಲೇ ಚುರುಕುಗೊಳಿಸುವ ಡಿಎನ್‌ಎ ತುಣುಕು, ಅಂದರೆ ಎನ್‌ಹಾನ್ಸರ್, ಸಾಮಾನ್ಯವಾಗಿ ಆ ಗಡಿ ದಾಟುವುದಿಲ್ಲ. ದಾಟಿದರೆ ಏನಾಗುತ್ತದೆ ಎನ್ನುವುದನ್ನು 2015ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದರು: ಗಡಿ ಅಳಿದ ಕುಟುಂಬಗಳಲ್ಲಿ ಮಕ್ಕಳ ಬೆರಳುಗಳೇ ವಿರೂಪ.

ಗಡಿ ಒಡೆಯ, ಎನ್‌ಹಾನ್ಸರ್ ಆಳು ಎಂಬ ಈ ಲೆಕ್ಕವನ್ನು ಬೆಂಗಳೂರಿನ ತಂಡ ಬುಡಮೇಲು ಮಾಡಿದೆ. ನಮ್ಮ ಅರಕೆರೆ ಕಡೆ ನಾಟಿಗೆ ಮುಂಚೆ ಗದ್ದೆಯ ಕೆಸರನ್ನೇ ಗುದ್ದಲಿಯಲ್ಲಿ ಎತ್ತಿ ಬದುವಿಗೆ ಮೆತ್ತುತ್ತಾರೆ. ಬದು ಬಿಗಿಯಾಗುವುದು ಒಳಗಿನ ಮಣ್ಣಿನಿಂದಲೇ. ಇಲ್ಲೂ ಹಾಗೆ. ಒಳಗಿನ ಎನ್‌ಹಾನ್ಸರ್‌ಗಳು ಚುರುಕಾಗಿದ್ದರೆ ಗಡಿಯಲ್ಲಿ ಆರ್‌ಎನ್‌ಎ ಹುಟ್ಟುತ್ತದೆ, ಆ ಆರ್‌ಎನ್‌ಎ ಸಿಟಿಸಿಎಫ್ ಅನ್ನು ಅಲ್ಲಿ ಗುಂಪುಗೂಡಿಸುತ್ತದೆ, ಗಡಿ ಬಲಗೊಳ್ಳುತ್ತದೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಐಎನ್‌ಕೆ4ಎ/ಎಆರ್‌ಎಫ್ ಜೀನುಗಳ ವಲಯವನ್ನೂ, ವಿಭಜನೆಗೆ ಉತ್ತೇಜನ ಕೊಡುವ ಎಂವೈಸಿ ಜೀನಿನ ವಲಯವನ್ನೂ ಆರಿಸಿಕೊಂಡು ತಂಡ ಇದನ್ನು ಪರೀಕ್ಷಿಸಿದೆ. ನನಗೆ ತುಂಬಾ ಹಿಡಿಸಿದ್ದು ಅವರು ಒಂದೇ ಸಾಕ್ಷ್ಯಕ್ಕೆ ಜೋತುಬೀಳದ ರೀತಿ. ಸಿಟಿಸಿಎಫ್ ಕೂರುವ ಜಾಗ ಕತ್ತರಿಸಿ ನೋಡಿದ್ದಾರೆ, ಆರ್‌ಎನ್‌ಎ ತಗ್ಗಿಸಿ ನೋಡಿದ್ದಾರೆ, ಎನ್‌ಹಾನ್ಸರ್ ತೆಗೆದೂ ನೋಡಿದ್ದಾರೆ. ಜೀನಿನ ಓದು ಶುರುವಾಗುವ ಜಾಗಗಳಾದ ಪ್ರೊಮೋಟರ್‌ಗಳನ್ನು ಅಡಗಿಸಿದಾಗ ಗಡಿಯ ಆರ್‌ಎನ್‌ಎಗೆ ಧಕ್ಕೆಯಾಗಲಿಲ್ಲ ಎಂಬ ಹೋಲಿಕೆಯಿಲ್ಲದಿದ್ದರೆ ವಾದ ಅರ್ಧಕ್ಕೇ ನಿಲ್ಲುತ್ತಿತ್ತು.

ತಕರಾರು ಎರಡಿವೆ. ಪ್ರಯೋಗ ನಡೆದದ್ದು ಹೀಲಾ ಕೋಶಗಳಲ್ಲಿ. 1951ರಲ್ಲಿ ಗರ್ಭಕಂಠದ ಗೆಡ್ಡೆಯಿಂದ ತೆಗೆದ ಈ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ ಜೀನುಗಳಿವೆ. ಆ ವೈರಸ್ಸಿನ ದೆಸೆಯಿಂದ ಐಎನ್‌ಕೆ4ಎ ಮಿತಿಮೀರಿ ಕೆಲಸ ಮಾಡುತ್ತಿರುತ್ತದೆ. ಎನ್‌ಹಾನ್ಸರ್‌ಗಳು ಹೀಗೆ ಉರಿಯುತ್ತಿರುವ ಕಡೆ ಕಂಡದ್ದು, ಅವು ತಣ್ಣಗಿರುವ ಆರೋಗ್ಯವಂತ ಕೋಶಕ್ಕೂ ಹೊಂದುತ್ತದೆಯೇ? ಎರಡನೆಯದು ಇನ್ನೂ ಗಂಭೀರ. ಸಿಟಿಸಿಎಫ್ ಆರ್‌ಎನ್‌ಎಯನ್ನು ನೇರವಾಗಿ ಹಿಡಿಯುತ್ತದೆ ಎಂದು 2019ರಲ್ಲಿ ಎರಡು ತಂಡಗಳು ಬರೆದಿದ್ದವು. 2024ರಲ್ಲಿ ಕ್ಯಾಲ್‌ಟೆಕ್‌ನ ಮಿಚೆಲ್ ಗಟ್‌ಮನ್ ತಂಡ ಕಠಿಣವಾಗಿ ತೊಳೆದು ಶುದ್ಧಗೊಳಿಸುವ ವಿಧಾನದಲ್ಲಿ ನೋಡಿದಾಗ, ಕೋಶದೊಳಗೆ ಅಂಥ ನೇರ ಹಿಡಿತ ಕಾಣಲಿಲ್ಲ.

ಇದರಿಂದ ಬೆಂಗಳೂರಿನ ಫಲಿತಾಂಶ ಸುಳ್ಳಾಗುವುದಿಲ್ಲ, ನಡುವೆ ಬೇರೊಂದು ಪ್ರೋಟೀನು ಇರಬಹುದು. ಎನ್‌ಹಾನ್ಸರ್ ತನ್ನ ಗಡಿಯನ್ನು ತಾನೇ ಕಾಯುತ್ತದೆ ಎಂಬ ಮಾತನ್ನು ಒಪ್ಪುತ್ತೇನೆ. ಅದು ಆರ್‌ಎನ್‌ಎಯ ನೇರ ಸ್ಪರ್ಶದಿಂದಲೇ ಎಂಬುದನ್ನು ಮಾತ್ರ, ವೈರಸ್ಸಿಲ್ಲದ ಕೋಶದಲ್ಲಿ ಯಾರಾದರೂ ತೋರಿಸುವವರೆಗೆ, ಒಪ್ಪಲಾರೆ.