ಆಡದೆ ಸೋತ ಹುಡುಗ

ಕ್ರಿಕೆಟ್ಟಿನ ಕಥೆಯೊಂದರಲ್ಲಿ ಕಥಾನಾಯಕನೇ ಪಂದ್ಯದ ದಿನ ಮೈದಾನಕ್ಕೆ ಬಾರದೆ ಹೋದರೆ ಪ್ರೇಕ್ಷಕನು ಏನೆಂದುಕೊಳ್ಳಬೇಕು? ಕಾಸು ಕೊಟ್ಟು ಬಂದವನಾದರೆ ಮೋಸವಾಯಿತೆಂದು ಎದ್ದು ಹೋದಾನು. ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಕಿರುತೆರೆಗೆ ತಂದ ಶಂಕರ್ ನಾಗ್ ಈ ಅಪಾಯವನ್ನು ತಿಳಿದೇ ಹೊತ್ತುಕೊಂಡರು. 1986-87ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಮಾಲೆಯಲ್ಲಿ ಜನರ ಮನಸ್ಸಿನಲ್ಲಿ ಹೆಚ್ಚಾಗಿ ನಿಂತಿರುವುದು ಸ್ವಾಮಿಯ ಕಥೆಯೇ. ಅದರ ಕೊನೆಯ ಭಾಗವು ನಮ್ಮವರು ತೆಗೆದ ಆಟದ ಚಿತ್ರಗಳಲ್ಲಿಯೇ ಬಹಳ ವಿನೋದವಾದದ್ದು; ಬಹಳ ವ್ಯಥೆಯದೂ ಹೌದು.

ಚಿತ್ರದ ಹುಟ್ಟನ್ನು ಓದುಗರು ಬಲ್ಲರು. ಕಾದಂಬರಿ ಪ್ರಕಟವಾದದ್ದು 1935ರಲ್ಲಿ. ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿಯಾಗಿ ಮಾಡಿಕೊಂಡರು. ರೈಲು ನಿಲ್ದಾಣಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು ಒದಗಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಕನ್ನಡಿಗರು ಕನ್ನಡದ ನೆಲದಲ್ಲಿ ಕಟ್ಟಿದ ಈ ಊರು ನಮ್ಮ ಮನೆಗಳಿಗೆ ಬಂದದ್ದು ಹಿಂದಿ ಮಾತನಾಡುತ್ತ. ಕನ್ನಡದ ವಾಹಿನಿಯೊಂದರಲ್ಲಿ ಅದು ಕನ್ನಡ ನುಡಿದದ್ದು 2020ರಲ್ಲಿ, ಶಂಕರ್ ನಾಗ್ ತೀರಿಕೊಂಡು ಮೂವತ್ತು ವರ್ಷಗಳಾದ ಮೇಲೆ.

ಹಾಸ್ಯದ ಬೇರು ಮೂಲ ಕಾದಂಬರಿಯಲ್ಲಿಯೇ ಇದೆ. ಹುಡುಗರು ತಮ್ಮ ತಂಡಕ್ಕೆ ಎಂ. ಸಿ. ಸಿ. ಎಂದು ಹೆಸರಿಡುತ್ತಾರೆ, ಎಂ ಎಂದರೆ ಮಾಲ್ಗುಡಿ. ಲಂಡನ್ನಿನ ಎಂ. ಸಿ. ಸಿ. ತಕರಾರು ಮಾಡೀತೇ, ತಂಡ ಕಟ್ಟಿದರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಾದೀತೇ ಎಂದು ಚಿಂತಿಸುತ್ತಾರೆ. ಮದರಾಸಿನ ಅಂಗಡಿಗೆ ಬ್ಯಾಟು ಚೆಂಡುಗಳಿಗಾಗಿ ಕಾಗದ ಬರೆಯುತ್ತಾರೆ. ನೂರಕ್ಕೆ ಇಪ್ಪತ್ತೈದು ಮುಂಗಡ ಕಳುಹಿಸಿ ಎಂದು ಉತ್ತರ ಬಂದಾಗ, ಇದು ಬೇರೆ ಯಾರಿಗೋ ಬರೆದ ಕಾಗದ, ತಪ್ಪಿ ನಮಗೆ ಬಂದಿದೆ ಎಂದು ತೀರ್ಮಾನಿಸಿ ಹಿಂದಿರುಗಿಸುತ್ತಾರೆ! 1930ರ ಆಗಸ್ಟಿನಲ್ಲಿ ವಿದೇಶೀ ವಸ್ತುವೆಂದು ತನ್ನ ಟೋಪಿಯನ್ನು ಬೆಂಕಿಗೆ ಎಸೆದಿದ್ದ ಸ್ವಾಮಿಯೇ ಕೆಲವು ತಿಂಗಳಲ್ಲಿ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟನ ಹೆಸರನ್ನು ಬಿರುದಾಗಿ ಧರಿಸಿ ಮೆರೆಯುತ್ತಾನೆ. ಆ ಟೋಪಿಯಾದರೋ ಅಪ್ಪಟ ಖಾದಿಯದು.

ಹೀಗೆ ನಗಿಸುತ್ತಲೇ ಕಥೆ ಹುಡುಗನ ಸುತ್ತ ಬೇಲಿ ಕಟ್ಟುತ್ತದೆ. ಶಾಲೆಯ ಡ್ರಿಲ್ಲು ಮುಗಿಯುವ ಹೊತ್ತಿಗೆ ಮೈದಾನದಲ್ಲಿ ಬೆಳಕಿರುವುದಿಲ್ಲ. ಅಭ್ಯಾಸಕ್ಕೆ ಬಾರದವನ ಮೇಲೆ ನಾಯಕ ರಾಜಮ್‌ಗೆ ಸಿಟ್ಟು. ಸ್ವಾಮಿ ವೈದ್ಯರ ಬಳಿಗೆ ಹೋಗಿ ತನಗೆ ಸನ್ನಿಯಾಗಿದೆಯೆಂದು ಸರ್ಟಿಫಿಕೇಟು ಕೇಳುತ್ತಾನೆ. ಸನ್ನಿಯೆಂದರೆ ಒಂದು ಬಗೆಯ ಹೊಟ್ಟೆನೋವೆಂದು ಅವನ ತಿಳಿವಳಿಕೆ. ಹೆಡ್‌ಮಾಸ್ತರರೊಡನೆ ಮಾತಾಡುವೆನೆಂದ ವೈದ್ಯರು ಮಾತಾಡುವುದಿಲ್ಲ. ಬೆತ್ತ ಮೇಲೇಳುತ್ತದೆ, ಹುಡುಗ ಅದನ್ನು ಕಿತ್ತೆಸೆದು ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಪಂದ್ಯಕ್ಕೆಂದು ಪಟ್ಟ ಪಾಡೆಲ್ಲ ಸೇರಿ ಅವನಿಗೆ ಪಂದ್ಯವನ್ನೇ ತಪ್ಪಿಸುತ್ತದೆ. ಎಚ್ಚರವಾದಾಗ ಇನ್ನೂ ಆಡಬಹುದೆಂದೇ ಅವನ ಎಣಿಕೆ. ಅಷ್ಟರಲ್ಲಿ ಆಟ ಮುಗಿದಿದೆ, ಎಂ. ಸಿ. ಸಿ. ಸೋತಿದೆ.

ಕಳೆದ ವರ್ಷ ದೊಡ್ಡಬಳ್ಳಾಪುರದಲ್ಲಿ ನಾನು ಪಾಠ ಹೇಳುವ ಕಾಲೇಜಿನಲ್ಲಿ ಈ ಭಾಗಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಕೆಲವರು ಊರವರೂ ಬಂದು ಕುಳಿತರು. ಕೇಳಿಬಂದ ಅಭಿಪ್ರಾಯಗಳು ನಾಲ್ಕು ತೆರ. ನಾಲ್ಕೂ ವಿಚಾರಕ್ಕೆ ತಕ್ಕವು.

ಮೊದಲನೆಯದು ಹಿಂದಿನ ಬೆಂಚಿನ ಹುಡುಗನದು. “ಅಲ್ಲಾ ಸಾರ್, ಕೊನೆಗೆ ಬಂದು ಒಂದು ವಿಕೆಟ್ಟಾದ್ರೂ ತೆಗೀಬೇಕಿತ್ತು.” ತರಗತಿಯೆಲ್ಲ ಹೌದೆಂದಿತು. 2001ರ ‘ಲಗಾನ್’ ನೋಡಿದ ಕಣ್ಣಿಗೆ ಹೀಗೆ ತೋರುವುದು ಸಹಜ. ಅಲ್ಲಿ ಕೊನೆಯ ಚೆಂಡಿನಲ್ಲಿ ಚಂಪಾನೇರಿನ ಕಂದಾಯ ಕಳೆಯುತ್ತದೆ, ಮಳೆಯೂ ಬರುತ್ತದೆ. ಆ ಚಿತ್ರದ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೆಲ್ಲಲೇಬೇಕಾದ ಕಥೆಯಲ್ಲಿ ಗೆಲ್ಲದವನಿಗೆ ಜಾಗವಿಲ್ಲ. ಮೈದಾನಕ್ಕೇ ಬಾರದವನನ್ನು ಅದು ನೆನೆಯುವುದೂ ಇಲ್ಲ.

ಎರಡನೆಯದು ದೇವನಹಳ್ಳಿಯಿಂದ ಬಂದಿದ್ದ ಮಿತ್ರರೊಬ್ಬರದು, ನಿವೃತ್ತ ಉಪಾಧ್ಯಾಯರು. “ಎಂಥ ಕಾಲ! ಅಂಥ ಬಾಲ್ಯ ಈಗೆಲ್ಲಿ?” ಎಂದು ಕಣ್ಣೊರಸಿಕೊಂಡರು. ಅವರ ಊರಿನ ಸುತ್ತ 2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ ಬಯಲುಗಳು ಬಡಾವಣೆಗಳಾಗಿವೆ. ಅವರ ಹಂಬಲ ನನಗೆ ಅರ್ಥವಾಗುತ್ತದೆ. ಆದರೂ ಈ ಮೆಚ್ಚಿಕೆಯನ್ನು ನಾನು ಒಪ್ಪಲಾರೆ. ಆ ಚೆಲುವಾದ ಕಾಲದಲ್ಲಿಯೇ ತಾನೆ ಬೆತ್ತವಿದ್ದುದು, ಆಡಲು ಒಂದು ಗಂಟೆಯ ಬಿಡುವು ಕೇಳಿದ ಹುಡುಗ ಕಾಡು ಸೇರಿದುದು? ಇಲ್ಲಿ ದೋಷದ ಪಾಲು ನಿರ್ದೇಶಕರದೂ ಉಂಟು. ಆಗುಂಬೆಯ ಹಸಿರು, ಎಲ್. ವೈದ್ಯನಾಥನ್ ಅವರ ಸಂಗೀತ ಎರಡೂ ಎಷ್ಟು ತಂಪಾಗಿವೆಯೆಂದರೆ ಬೆತ್ತದ ಉರಿ ನೋಡುವವನ ನೆನಪಿನಲ್ಲಿ ಉಳಿಯುವುದಿಲ್ಲ. ನಾರಾಯಣರ ಗದ್ಯದಲ್ಲಿ ಅಂಥ ತಂಪು ಕಡಮೆ; ಅಲ್ಲಿ ಬೆತ್ತ ಬೆತ್ತವಾಗಿಯೇ ಕಾಣುತ್ತದೆ.

ಮೂರನೆಯವರು ನೇಕಾರರು, ನಾಲ್ಕು ಮಗ್ಗಗಳ ಯಜಮಾನರು. “ಕ್ರಿಕೆಟ್ ಯಾರಿಗೆ ಬೇಕು ಮೇಷ್ಟ್ರೆ? ಆ ಅಪ್ಪ ಮಗನ್ನ ಹುಡುಕ್ಕೊಂಡು ಹೋದ್ನಲ್ಲ, ಆಮೇಲೆ ನನಗೆ ಏನೂ ಕಾಣಲಿಲ್ಲ” ಎಂದರು. ಕಾದಂಬರಿಯಲ್ಲಿ ಆ ತಂದೆ ಹೊಳೆಯ ದಡಕ್ಕೂ ರೈಲುಕಂಬಿಯ ಬಳಿಗೂ ಹೋಗಿ ನೋಡುತ್ತಾನೆ. ಅಲ್ಲಿ ಏನನ್ನು ಹುಡುಕುತ್ತಾನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದುವರೆಗೆ ಮಗನಿಗೆ ಲೆಕ್ಕ ಹೇಳಿಕೊಟ್ಟು ಗದರಿಸುತ್ತಿದ್ದ ವಕೀಲ ತಂದೆಯ ಗತ್ತನ್ನು ಕಾರ್ನಾಡರು ಮೊದಲಿನಿಂದ ಅಳತೆಯಲ್ಲಿ ಇಟ್ಟುಕೊಂಡಿರುವುದರಿಂದಲೇ ಅದು ಕುಸಿದಾಗ ನಮಗೆ ತಾಗುತ್ತದೆ.

ನಾಲ್ಕನೆಯ ಮಾತು ಎರಡನೆಯ ವರ್ಷದ ವಿದ್ಯಾರ್ಥಿನಿಯದು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದವಳು. ತಾಲ್ಲೂಕು ಪಂದ್ಯದ ದಿನ ತಾಯಿಗೆ ಕಾಯಿಲೆಯಾಗಿ ಮನೆಯಲ್ಲಿ ಉಳಿದಳಂತೆ. ಅಂದಿನಿಂದ ಆಟ ನಿಂತಿತು. ಎಲ್ಲರೂ ಎದ್ದ ಮೇಲೆ ಬಂದು ಹೇಳಿದಳು: “ಬರಲಿಲ್ಲ ಅಂತ ಎಲ್ಲರಿಗೂ ಕೋಪ ಸಾರ್. ಯಾಕೆ ಬರಲಿಲ್ಲ ಅಂತ ಕೇಳಿದವರು ಎಷ್ಟು ಜನ?”

ಈ ಚಿತ್ರದ ಮೇಲೆ ನಾನು ಕೇಳಿದ ವಿಮರ್ಶೆಯಲ್ಲಿ ಇದಕ್ಕಿಂತ ಹತ್ತಿರದ್ದು ಬೇರೊಂದಿಲ್ಲ. ರಾಜಮ್‌ನ ಕೋಪ ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. ಅವನ ತಂಡ ಸೋತದ್ದು ನಿಜ. ಸ್ವಾಮಿಯ ನೋವೂ ನಿಜ. ಎರಡು ನಿಜಗಳ ನಡುವೆ ತೀರ್ಪು ಹೇಳುವ ಅಂಪೈರ್ ಇಲ್ಲ. ಹಿಂದಿನ ಬೆಂಚಿನ ಹುಡುಗ ಕೇಳಿದ ವಿಕೆಟ್ಟನ್ನು ಕೊಟ್ಟಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಪಂದ್ಯವನ್ನು ತಪ್ಪಿಸಿದ್ದರಿಂದಲೇ ಚಿತ್ರವು ಆಟದ ಕಥೆಯಿಂದ ಸ್ನೇಹದ ಕಥೆಗೆ ಬೆಳೆಯಿತು. ಕೈಲಾಸಂ ತಮ್ಮ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ದೃಷ್ಟಿಗೆ ದಡ್ಡನಾದ ಮಾಧುವನ್ನು ನಡುವೆ ನಿಲ್ಲಿಸಿ ನಮ್ಮನ್ನು ನಗಿಸಿ, ಬಳಿಕ ನಕ್ಕವರನ್ನೇ ಯೋಚನೆಗೆ ಹಚ್ಚಿದರಷ್ಟೆ. ಸ್ವಾಮಿಯ ಹಾಸ್ಯವೂ ಆ ಜಾತಿಯದು. ನಮ್ಮಲ್ಲಿ ಹಾಸ್ಯವೆಂದರೆ ಕಥೆಯ ಮಧ್ಯೆ ಉಪ್ಪಿನಕಾಯಿಯಂತೆ ಬಡಿಸುವ ಪದಾರ್ಥವೆಂದು ತಿಳಿದವರು ಇದನ್ನು ನೋಡಬೇಕು. ಇಲ್ಲಿ ನಗಿಸಿದ ಸಂಗತಿಗಳೇ, ಆ ಡ್ರಿಲ್ಲು, ಆ ಸನ್ನಿ, ಆ ಬಿರುದು, ಹುಡುಗನನ್ನು ಒಂದೊಂದು ಹೆಜ್ಜೆ ಕಾಡಿಗೆ ನೂಕುತ್ತವೆ.

ಮಂಜುನಾಥರ ಅಭಿನಯದ ಬಗ್ಗೆ ಒಂದು ಮಾತು. ಮಕ್ಕಳನ್ನು ತೆರೆಯ ಮೇಲೆ ದೊಡ್ಡವರ ಮಾತಾಡಿಸಿ ಚಪ್ಪಾಳೆ ಗಿಟ್ಟಿಸುವ ಚಾಳಿ ನಮ್ಮಲ್ಲಿ ಹಳೆಯದು. ಈ ಹುಡುಗ ಜಾಣತನವನ್ನು ತೋರಿಸಹೋಗುವುದಿಲ್ಲ; ಹೆದರಿದಾಗ ಹೆದರುತ್ತಾನೆ, ಸುಳ್ಳು ಹೇಳುವಾಗ ಸಿಕ್ಕಿಬೀಳುತ್ತಾನೆ. ಹೀಗಾಗಿ ಅವನು ನಮ್ಮ ಬೀದಿಯ ಹುಡುಗನಾಗುತ್ತಾನೆ.

ಕೊನೆಯಲ್ಲಿ ರಾಜಮ್‌ನ ತಂದೆಗೆ ವರ್ಗವಾಗಿ ಅವನು ರೈಲು ಹತ್ತುತ್ತಾನೆ. ಸ್ವಾಮಿ ಒಂದು ಪುಸ್ತಕವನ್ನು ಕಾಣಿಕೆಯಾಗಿ ತಂದಿದ್ದಾನೆ. ರಾಜಮ್ ಕಾಗದ ಬರೆಯುವನೇ ಎಂದು ಸ್ವಾಮಿ ಕೇಳಿದರೆ ಮಣಿ ಬರೆಯುತ್ತಾನೆನ್ನುತ್ತಾನೆ. ಮಣಿಯ ಮುಖ ನೋಡಿ ಅದು ನಿಜವೋ ಸಮಾಧಾನದ ಮಾತೋ ತಿಳಿಯಲು ಸ್ವಾಮಿಗೆ ಆಗುವುದಿಲ್ಲ. ಕಾದಂಬರಿ ನಿಲ್ಲುವುದು ಅಲ್ಲಿ. ನಮ್ಮ ವಿದ್ಯಾರ್ಥಿಗಳು ಇದರ ಮೇಲೆ ಎರಡು ಪಕ್ಷವಾದರು. ಬರೆದಿರುತ್ತಾನೆಂದವರೇ ಹೆಚ್ಚು. ಕಬಡ್ಡಿಯ ಹುಡುಗಿ ಯಾವ ಪಕ್ಷಕ್ಕೂ ಸೇರಲಿಲ್ಲ.