ರಿಕವರಿ: ‘ಗೊತ್ತಿಲ್ಲ’ ಎಂದು ಒಪ್ಪಿಕೊಂಡವರ ಸಂಶೋಧನೆ

2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಔಷಧ ಯಾವುದೆಂದು ಜಗತ್ತಿನ ಯಾವ ವೈದ್ಯರಿಗೂ ಗೊತ್ತಿರಲಿಲ್ಲ. ಆದರೂ ಔಷಧ ಕೊಡುವುದು ಎಲ್ಲ ಕಡೆಯೂ ನಡೆದೇ ಇತ್ತು. ಮಲೇರಿಯಾ ಮಾತ್ರೆ, ಎಚ್‌ಐವಿ ಮಾತ್ರೆ, ಆ್ಯಂಟಿಬಯೋಟಿಕ್, ಗುಣಮುಖರಾದವರ ಪ್ಲಾಸ್ಮಾ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯತ್ನಿಸಿದರು. ರೋಗಿ ಉಳಿದರೆ ಔಷಧಕ್ಕೆ ಕೀರ್ತಿ, ತೀರಿಕೊಂಡರೆ ರೋಗದ ಮೇಲೆ ಹೊಣೆ. ಈ ಲೆಕ್ಕದಲ್ಲಿ ಯಾವ ಔಷಧವೂ ಎಂದೂ ಸೋಲುವುದಿಲ್ಲ. ಹಾಗಾಗಿ ಅದರಿಂದ ಯಾರೂ ಏನನ್ನೂ ಕಲಿಯುವುದೂ ಇಲ್ಲ.

ಆ ದಿನಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ನೇತೃತ್ವದಲ್ಲಿ ಶುರುವಾದದ್ದು ‘ರಿಕವರಿ’ ಎಂಬ ಔಷಧ ಪ್ರಯೋಗ. ಕರಡು ಬರೆದ ಒಂಬತ್ತೇ ದಿನಕ್ಕೆ ಮೊದಲ ರೋಗಿ ಅದಕ್ಕೆ ಸೇರಿದರು. ಇಂದು ಅದನ್ನು ನೆನೆಯುವವರು ಡೆಕ್ಸಾಮೆಥಸೋನ್ ಎಂಬ ಒಂದು ಸ್ಟಿರಾಯ್ಡಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಆ ಯಶಸ್ಸು ದೊಡ್ಡದೇ. ಆದರೆ ಈ ಸಂಶೋಧನೆಯ ಹೆಚ್ಚಿನ ತೂಕ ಅದು ‘ಪ್ರಯೋಜನವಿಲ್ಲ’ ಎಂದು ಸಾಬೀತು ಮಾಡಿದ ಔಷಧಗಳಲ್ಲಿದೆ ಎಂದು ನನಗೆ ಅನಿಸುತ್ತದೆ. ಅಂಥ ಉತ್ತರ ಪಡೆಯಲು ಬೇಕಾದ ವ್ಯವಸ್ಥೆಯನ್ನು ಅವರು ಕಟ್ಟಿದ ಬಗೆಯಂತೂ ನಾವು ಕೂತು ಓದಬೇಕಾದ ಪಾಠ.

ವಿಧಾನ ಬಹಳ ಸರಳ. ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾದ ರೋಗಿಗೆ ವೈದ್ಯರು ವಿಷಯ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಕಂಪ್ಯೂಟರಿನಲ್ಲಿ ನಾಲ್ಕಾರು ವಿವರ ತುಂಬಿದೊಡನೆ ಚೀಟಿ ಎತ್ತಿದ ಹಾಗೆ ಹಂಚಿಕೆಯಾಗುತ್ತದೆ: ಕೆಲವರಿಗೆ ಎಂದಿನ ಆರೈಕೆ ಮಾತ್ರ, ಕೆಲವರಿಗೆ ಅದರ ಜೊತೆಗೆ ಪರೀಕ್ಷೆಗೆ ಒಳಪಟ್ಟ ಒಂದು ಔಷಧ. ಯಾರಿಗೆ ಯಾವುದು ಎಂಬುದು ವೈದ್ಯರ ಇಷ್ಟಕ್ಕೂ ಬಿಟ್ಟದ್ದಲ್ಲ, ರೋಗಿಯ ಹಣಕ್ಕೂ ಬಿಟ್ಟದ್ದಲ್ಲ. ಪ್ರಯೋಗಕ್ಕೆಂದೇ ದಿನಾ ರಕ್ತ ತೆಗೆಯುವುದಿಲ್ಲ, ಕಟ್ಟುಗಟ್ಟಲೆ ಫಾರಂ ತುಂಬಿಸುವುದಿಲ್ಲ. ರೋಗಿ ಮನೆಗೆ ಹೋದಾಗ ಅಥವಾ ತೀರಿಕೊಂಡಾಗ ಒಂದು ಚಿಕ್ಕ ಫಾರಂ, ಅಷ್ಟೇ. 28 ದಿನಗಳ ನಂತರ ಯಾರು ಬದುಕಿದ್ದಾರೆ ಎಂಬುದನ್ನು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆಗಳೇ ಹೇಳುತ್ತವೆ. ಎರಡು ಪಾಳಿಯ ಕೆಲಸವನ್ನು ಒಂದೇ ಮೈಯಲ್ಲಿ ಮಾಡುತ್ತಿದ್ದ ವಾರ್ಡಿನ ವೈದ್ಯರಿಗೂ ದಾದಿಯರಿಗೂ ಇದು ಹೊರೆಯಾಗಲಿಲ್ಲ. ಅದಕ್ಕೇ 176 ಆಸ್ಪತ್ರೆಗಳಲ್ಲಿ ಇದನ್ನು ನಡೆಸಲು ಸಾಧ್ಯವಾಯಿತು, ಅವುಗಳಲ್ಲಿ ಎಷ್ಟೋ ಸಂಶೋಧನೆಯ ಹೆಸರಿಲ್ಲದ ಊರಾಸ್ಪತ್ರೆಗಳು.

ಈ ಸರಳತೆ ಆತುರದಲ್ಲಿ ಹುಟ್ಟಿದ್ದಲ್ಲ. ರಿಚರ್ಡ್ ಪೀಟೋ, ರೋರಿ ಕಾಲಿನ್ಸ್ ಮೊದಲಾದವರು ಆಕ್ಸ್‌ಫರ್ಡ್‌ನಲ್ಲಿ 1980ರ ದಶಕದಿಂದಲೇ ‘ಪ್ರಶ್ನೆ ಚಿಕ್ಕದಿರಲಿ, ರೋಗಿಗಳ ಸಂಖ್ಯೆ ದೊಡ್ಡದಿರಲಿ’ ಎಂಬ ದಾರಿ ಹಾಕಿಕೊಟ್ಟಿದ್ದರು. 1988ರಲ್ಲಿ ಪ್ರಕಟವಾದ ‘ಐಸಿಸ್-2’ ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ಮಂದಿ ಹೃದಯಾಘಾತದ ರೋಗಿಗಳಿದ್ದರು. ಎದೆನೋವು ಬಂದೊಡನೆ ಆಸ್ಪಿರಿನ್ ಕೊಡುವ ಇಂದಿನ ಪದ್ಧತಿ ಗಟ್ಟಿಯಾಗಿ ನಿಂತಿರುವುದು ಆ ಅಧ್ಯಯನದ ಮೇಲೆ. ಮೂರು ದಶಕ ಪಳಗಿದ ಕೈ ಇದ್ದದ್ದರಿಂದಲೇ ಒಂಬತ್ತು ದಿನದ ಕೆಲಸ ಸಾಧ್ಯವಾಯಿತು.

ಇನ್ನು ಡೆಕ್ಸಾಮೆಥಸೋನ್. 1957ರಲ್ಲಿ ತಯಾರಾದ, ಕೆಲವೇ ರೂಪಾಯಿಗೆ ಸಿಗುವ ಹಳೆಯ ಔಷಧ ಇದು. ಕೋವಿಡ್‌ಗೆ ಸ್ಟಿರಾಯ್ಡ್ ಕೊಡಬಹುದೇ ಎಂಬ ಬಗ್ಗೆ ಆಗ ತಜ್ಞರಲ್ಲಿ ಒಮ್ಮತವಿರಲಿಲ್ಲ. ವಾಡಿಕೆಯಂತೆ ಕೊಡಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ರಿಕವರಿಯಲ್ಲಿ 2,104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಕೊಟ್ಟರು. 4,321 ಮಂದಿಗೆ ಎಂದಿನ ಆರೈಕೆ. 28 ದಿನಗಳಲ್ಲಿ ಔಷಧ ಪಡೆದವರಲ್ಲಿ ಶೇ 22.9ರಷ್ಟು, ಪಡೆಯದವರಲ್ಲಿ ಶೇ 25.7ರಷ್ಟು ಸಾವು. ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಒಳಹೊಕ್ಕು ನೋಡಿದರೆ ಚಿತ್ರ ಬೇರೆ. ವೆಂಟಿಲೇಟರಿನಲ್ಲಿದ್ದವರ ಸಾವು ಶೇ 41.4ರಿಂದ 29.3ಕ್ಕೆ ಇಳಿದಿತ್ತು, ಅಂದರೆ ಅಂಥ ಎಂಟು ಮಂದಿಗೆ ಔಷಧ ಕೊಟ್ಟರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತಿತ್ತು. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ ಶೇ 26.2ರಿಂದ 23.3ಕ್ಕೆ ಇಳಿದಿತ್ತು. ಆಕ್ಸಿಜನ್ ಬೇಕಿಲ್ಲದವರಲ್ಲಿ ಮಾತ್ರ ತಿರುವುಮುರುವು: ಔಷಧ ಪಡೆದವರಲ್ಲಿ ಶೇ 17.8, ಪಡೆಯದವರಲ್ಲಿ ಶೇ 14.0.

ಇಲ್ಲಿ ವಿಮರ್ಶಕರು ಎತ್ತಬೇಕಾದ ಪ್ರಶ್ನೆಯೊಂದಿದೆ. ರೋಗಿಗಳನ್ನು ಗುಂಪುಗಳಾಗಿ ಒಡೆದು ನೋಡುತ್ತ ಹೋದರೆ ಎಲ್ಲೋ ಒಂದು ಕಡೆ ಬೇಕಾದ ಉತ್ತರ ಸಿಕ್ಕೇ ಸಿಗುತ್ತದೆ. ಇದನ್ನು ತೋರಿಸಲೆಂದೇ ಐಸಿಸ್-2ರ ಸಂಶೋಧಕರು ರೋಗಿಗಳನ್ನು ಜನ್ಮರಾಶಿಯಂತೆ ವಿಂಗಡಿಸಿದ್ದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ನಾಟುವುದಿಲ್ಲ ಎಂಬ ಅರ್ಥವಿಲ್ಲದ ಫಲಿತಾಂಶ ಬಂದಿತ್ತು. ಹಾಗಾದರೆ ಆಕ್ಸಿಜನ್ ಗುಂಪುಗಳ ವ್ಯತ್ಯಾಸವನ್ನು ನಂಬುವುದು ಹೇಗೆ? ನಂಬಬಹುದು. ಈ ವಿಂಗಡಣೆಯನ್ನು ಅವರು ಫಲಿತಾಂಶ ನೋಡುವ ಮೊದಲೇ ಬರೆದಿಟ್ಟಿದ್ದರು. ಕಾಯಿಲೆ ತೀವ್ರವಾದಷ್ಟೂ ಪ್ರಯೋಜನ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ದೇಹದ ವರ್ತನೆಯೂ ಇದಕ್ಕೆ ಹೊಂದುತ್ತದೆ: ಮೊದಲ ವಾರ ವೈರಸ್ಸಿನ ಕಾಟ, ಆಗ ರೋಗನಿರೋಧಕ ಶಕ್ತಿಯನ್ನು ಅಡಗಿಸಿದರೆ ವೈರಸ್ಸಿಗೇ ಅನುಕೂಲ, ಎರಡನೇ ವಾರ ಆ ಶಕ್ತಿಯೇ ಹದ ತಪ್ಪಿ ಶ್ವಾಸಕೋಶವನ್ನು ಕೆಡಿಸುತ್ತದೆ, ಆಗ ಸ್ಟಿರಾಯ್ಡ್ ಬೇಕು. ರೋಗಲಕ್ಷಣ ಶುರುವಾಗಿ ಏಳು ದಿನ ದಾಟಿದವರಿಗೇ ಔಷಧ ಹೆಚ್ಚು ನೆರವಾದದ್ದೂ ಇದೇ ಕಡೆಗೆ ಬೆರಳು ತೋರಿಸುತ್ತದೆ.

ನನ್ನ ತಕರಾರು ಇರುವುದು ಫಲಿತಾಂಶದಲ್ಲಲ್ಲ, ಅದನ್ನು ಸಾರಿದ ರೀತಿಯಲ್ಲಿ. 2020ರ ಜೂನ್ 16ರಂದು ಪತ್ರಿಕಾ ಹೇಳಿಕೆ ಹೊರಬಂತು. ಪೂರ್ಣ ಪ್ರಬಂಧ ಓದಲು ಸಿಕ್ಕಿದ್ದು ಜೂನ್ 22ರಂದು. ಜೀವ ಉಳಿಸುವ ಸುದ್ದಿಯನ್ನು ಮುಚ್ಚಿಡಲಾಗದು ಎಂಬುದು ಸರಿ. ಆದರೆ ಆಕ್ಸಿಜನ್ ಬೇಡದವರ ಬಗ್ಗೆ ‘ಪ್ರಯೋಜನ ಕಾಣಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರು. ಅಂಥವರಲ್ಲಿ ಸಾವು ಹೆಚ್ಚೇ ಕಂಡಿದೆ, ಖಚಿತವಾಗಿ ಹೇಳುವಷ್ಟು ಅಂಕಿಗಳಿಲ್ಲದಿದ್ದರೂ ಎಚ್ಚರಿಕೆ ಬೇಕು ಎಂದು ಅಷ್ಟೇ ದೊಡ್ಡ ದನಿಯಲ್ಲಿ ಹೇಳಬೇಕಿತ್ತು. ‘ಕೋವಿಡ್‌ಗೆ ಅಗ್ಗದ ಔಷಧ ಸಿಕ್ಕಿತು’ ಎಂಬ ಸುದ್ದಿ ಜಗತ್ತು ಸುತ್ತಿತು. ಯಾರಿಗೆ, ಯಾವಾಗ, ಎಷ್ಟು ಎಂಬ ಮೂರು ಮಾತು ದಾರಿಯಲ್ಲೇ ಉದುರಿಹೋಯಿತು.

ಅದರ ನೋವು ಉಂಡದ್ದು ನಮ್ಮ ದೇಶ. ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 27ರಂದೇ ಡೆಕ್ಸಾಮೆಥಸೋನನ್ನು ಮಾರ್ಗಸೂಚಿಗೆ ಸೇರಿಸಿತು, ಅದೂ ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಎಂದು ಸ್ಪಷ್ಟವಾಗಿ. ಕಾಗದ ಸರಿಯಾಗಿತ್ತು. 2021ರ ಎರಡನೇ ಅಲೆಯಲ್ಲಿ ನಡೆದದ್ದೇ ಬೇರೆ: ಹಾಸಿಗೆ ಸಿಗದ ಜನ, ಫೋನಿನಲ್ಲೇ ಬರೆಸಿಕೊಂಡ ಚೀಟಿ, ಜ್ವರ ಬಂದ ಎರಡನೇ ದಿನಕ್ಕೇ ಸ್ಟಿರಾಯ್ಡ್ ಮಾತ್ರೆ, ನೋಡುವವರಿಲ್ಲದೆ ಏರುತ್ತಿದ್ದ ಸಕ್ಕರೆ. ಮಧುಮೇಹ ಮನೆಮನೆಯಲ್ಲಿರುವ ನಾಡಿನಲ್ಲಿ ಇದರ ಬೆನ್ನಿಗೇ ಬಂದದ್ದು ಕಪ್ಪು ಶಿಲೀಂಧ್ರ. ಆ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಜೀವ ಉಳಿಸಿಕೊಳ್ಳಲು ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು ನಮ್ಮ ಊರುಗಳಲ್ಲಿದ್ದಾರೆ. ಇದಕ್ಕೆ ಸ್ಟಿರಾಯ್ಡ್ ಒಂದೇ ಕಾರಣವಲ್ಲ, ರಿಕವರಿ ತಂಡ ಹೊಣೆಯಂತೂ ಅಲ್ಲವೇ ಅಲ್ಲ. ಆದರೂ 17.8 ಮತ್ತು 14.0 ಎಂಬ ಎರಡು ಅಂಕಿಗಳು ನಮ್ಮ ಪ್ರತಿ ತಾಲ್ಲೂಕಿನ ವೈದ್ಯರ ಮೇಜಿಗೂ ಮುಟ್ಟಿದ್ದರೆ ಎಷ್ಟೋ ಮಂದಿಯ ಕಣ್ಣು ಉಳಿಯುತ್ತಿತ್ತು ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಆಕ್ಸ್‌ಫರ್ಡ್ ತಂಡ ತನ್ನ ಯಶಸ್ಸಿನ ಔಷಧವನ್ನೇ ಮತ್ತೆ ಪರೀಕ್ಷೆಗೆ ಹಚ್ಚಿತು. ಆರು ಮಿಲಿಗ್ರಾಂ ಒಳ್ಳೆಯದಾದರೆ ಇಪ್ಪತ್ತು ಇನ್ನೂ ಒಳ್ಳೆಯದೇ? ನೇಪಾಳ, ಇಂಡೋನೇಷ್ಯಾ, ವಿಯೆಟ್ನಾಂ ಮುಂತಾದ ದೇಶಗಳ ಆಸ್ಪತ್ರೆಗಳನ್ನೂ ಸೇರಿಸಿಕೊಂಡು, ಆಕ್ಸಿಜನ್ ಪಡೆಯದಿದ್ದ ಅಥವಾ ಬರೀ ಆಕ್ಸಿಜನ್ ಮೇಲಿದ್ದ 1,272 ರೋಗಿಗಳಲ್ಲಿ ನೋಡಿದಾಗ, ಹೆಚ್ಚು ಪ್ರಮಾಣ ಪಡೆದವರಲ್ಲಿ ಶೇ 19ರಷ್ಟು, ಕಡಿಮೆ ಪ್ರಮಾಣದ ಸ್ಟಿರಾಯ್ಡೂ ಸೇರಿದ್ದ ಎಂದಿನ ಆರೈಕೆಯಲ್ಲಿದ್ದವರಲ್ಲಿ ಶೇ 12ರಷ್ಟು ಸಾವು. 2023ರಲ್ಲಿ ಇದು ಪ್ರಕಟವಾಯಿತು. ತಾವೇ ಗೆಲ್ಲಿಸಿದ ಔಷಧದ ಮಿತಿಯನ್ನು ತಾವೇ ಹುಡುಕಿ ಹೇಳುವ ಈ ಪ್ರಾಮಾಣಿಕತೆ ವೈದ್ಯಕೀಯ ಸಂಶೋಧನೆಯಲ್ಲಿ ಅಪರೂಪ.

ಇನ್ನು ಪ್ರಯೋಜನವಿಲ್ಲವೆಂದು ತಿಳಿದ ಔಷಧಗಳು. ಹೈಡ್ರಾಕ್ಸಿಕ್ಲೋರೋಕ್ವಿನ್: ಪಡೆದವರಲ್ಲಿ ಶೇ 27 ಸಾವು, ಪಡೆಯದವರಲ್ಲಿ ಶೇ 25. ಅಜಿತ್ರೋಮೈಸಿನ್: ಎರಡೂ ಕಡೆ 22. ಆಸ್ಪಿರಿನ್: ಎರಡೂ ಕಡೆ 17. ಕಾಲ್ಚಿಸಿನ್: ಎರಡೂ ಕಡೆ 21. ನೆರವಾದವು ಟೊಸಿಲಿಜುಮಾಬ್, ಬ್ಯಾರಿಸಿಟಿನಿಬ್‌ನಂಥ ಕೆಲವೇ. ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಮಾಣ ಹೆಚ್ಚಾಯಿತು ಎಂಬ ಟೀಕೆ ಬಂತು. ಮೊದಲ 24 ಗಂಟೆಯಲ್ಲೇ 2,400 ಮಿಲಿಗ್ರಾಂ, ಅದು ನಿಜಕ್ಕೂ ಹೆಚ್ಚೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಸಾಲಿಡಾರಿಟಿ’ ಪ್ರಯೋಗವೂ ಅದರಿಂದ ಪ್ರಯೋಜನವಿಲ್ಲ ಎಂದೇ ಹೇಳಿತು. ಒಂದು ಮಿತಿ ನೆನಪಿಡಬೇಕು: ಭಾರತ ಆ ಮಾತ್ರೆಯನ್ನು 2020ರ ಮಾರ್ಚ್‌ನಿಂದ ಆರೋಗ್ಯ ಸಿಬ್ಬಂದಿಗೆ ರೋಗ ತಡೆಗೆಂದು ಸೂಚಿಸಿತ್ತು. ದಾಖಲಾದ ರೋಗಿಗಳ ಮೇಲಿನ ಪ್ರಯೋಗ ಆ ಪ್ರಶ್ನೆಗೆ ಉತ್ತರವಾಗದು. ಅದಕ್ಕೆ ನಾವೇ ದೊಡ್ಡ ಪ್ರಯೋಗ ನಡೆಸಿ ಉತ್ತರ ಕಂಡುಕೊಳ್ಳಬೇಕಿತ್ತು.

ಪ್ಲಾಸ್ಮಾದ ಕಥೆಯನ್ನು ಹೇಳಲೇಬೇಕು, ಏಕೆಂದರೆ ಅಲ್ಲಿ ಭಾರತದ ವಿಜ್ಞಾನಿಗಳು ಮುಂದಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಪ್ಲಾಸಿಡ್’ ಪ್ರಯೋಗ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪರೀಕ್ಷಿಸಿ, ಪ್ಲಾಸ್ಮಾದಿಂದ ಕಾಯಿಲೆ ಬಿಗಡಾಯಿಸುವುದೂ ತಪ್ಪದು, ಸಾವೂ ತಪ್ಪದು ಎಂದು 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿತು. ನಮ್ಮದೇ ಉತ್ತರ, ನಮ್ಮದೇ ರೋಗಿಗಳಿಂದ ಬಂದದ್ದು. ಆದರೂ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ರಂದು, 11,558 ರೋಗಿಗಳ ಮೇಲಿನ ರಿಕವರಿ ವರದಿ ಲ್ಯಾನ್ಸೆಟ್‌ನಲ್ಲಿ ಬಂದ ಮೂರು ದಿನಗಳ ಬಳಿಕ. ನಡುವಿನ ಏಳು ತಿಂಗಳು ಎಷ್ಟು ಮಕ್ಕಳು ತಂದೆಗಾಗಿ, ಎಷ್ಟು ಹೆಂಡತಿಯರು ಗಂಡನಿಗಾಗಿ ಪ್ಲಾಸ್ಮಾ ಹುಡುಕಿ ರಾತ್ರಿಯಿಡೀ ಫೋನ್ ಮಾಡಿದರು! ಅವರ ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೆ ಆ ಅಲೆದಾಟದಿಂದ ರೋಗಿಗೆ ಏನೂ ಸಿಗದು ಎಂದು ಅವರಿಗೆ ಹೇಳಬೇಕಾದವರು ಹೇಳಲಿಲ್ಲ.

ರಿಕವರಿಯ ಕೊರತೆಗಳು ಇನ್ನೂ ಕೆಲವಿವೆ. ಯಾರಿಗೆ ಯಾವ ಔಷಧ ಎಂಬುದು ವೈದ್ಯರಿಗೂ ರೋಗಿಗೂ ಗೊತ್ತಿತ್ತು. ಸಾವನ್ನು ಅಳೆಯುವಾಗ ಇದು ದೊಡ್ಡ ದೋಷವಲ್ಲ, ‘ಹೇಗಿದ್ದೀರಿ’ ಎಂದು ಕೇಳುವ ಅಧ್ಯಯನಕ್ಕಾದರೆ ದೋಷವೇ. ತಿಂಗಳುಗಟ್ಟಲೆ ಉಳಿಯುವ ಸುಸ್ತು, ಉಬ್ಬಸಗಳ ಬಗ್ಗೆ 28 ದಿನದ ಲೆಕ್ಕ ಏನನ್ನೂ ಹೇಳದು. ಡೆಕ್ಸಾಮೆಥಸೋನ್ ಜಗತ್ತಿನಲ್ಲಿ ಹತ್ತು ಲಕ್ಷ ಜೀವ ಉಳಿಸಿತು ಎಂದು ಬ್ರಿಟನ್ನಿನ ಆರೋಗ್ಯ ಸೇವೆ 2021ರ ಮಾರ್ಚ್‌ನಲ್ಲಿ ಹೇಳಿದ್ದನ್ನು ಎಣಿಸಿದ ಲೆಕ್ಕವೆಂಬಂತೆ ಬರೆಯುವುದು ತಪ್ಪು, ಅದೊಂದು ಅಂದಾಜು.

ಇವೆಲ್ಲವನ್ನೂ ತೂಗಿದ ಮೇಲೂ, ನಮ್ಮ ಕಾಲದ ವೈದ್ಯಕೀಯ ಸಂಶೋಧನೆಗಳಲ್ಲಿ ರಿಕವರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ನಾನು ಕಾಣೆ. ಅಂಥದ್ದನ್ನು ಇಲ್ಲಿ ನಡೆಸಲು ನಮ್ಮಲ್ಲಿ ರೋಗಿಗಳಿಗೆ ಕೊರತೆಯಿರಲಿಲ್ಲ, ಬುದ್ಧಿವಂತ ವೈದ್ಯರಿಗೂ ಇರಲಿಲ್ಲ. ಇಲ್ಲದಿದ್ದದ್ದು ಮೊದಲೇ ಸಿದ್ಧವಾದ ವ್ಯವಸ್ಥೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಾರು ಕಾಲೇಜುಗಳಿವೆ, ಜಿಲ್ಲಾಸ್ಪತ್ರೆಗಳ ನಂಟಿದೆ. ರಾಜ್ಯದ ಜನನ ಮರಣಗಳು ‘ಇ-ಜನ್ಮ’ ತಂತ್ರಾಂಶದಲ್ಲಿ ದಾಖಲಾಗುತ್ತಿವೆ. ಮಳೆಗಾಲ ಬಂತೆಂದರೆ ಡೆಂಗಿ ಬರುತ್ತದೆ, ಪಪ್ಪಾಯಿ ಎಲೆಯ ರಸ ಮತ್ತು ಅದರ ಮಾತ್ರೆ ಬಿಸಿ ದೋಸೆಯಂತೆ ಖರ್ಚಾಗುತ್ತವೆ. ಅದು ಪ್ಲೇಟ್‌ಲೆಟ್ ಏರಿಸುತ್ತದೆಯೇ ಎಂದು ನೋಡಿದ ಚಿಕ್ಕ ಅಧ್ಯಯನಗಳಿವೆ. ಜೀವ ಉಳಿಸುತ್ತದೆಯೇ ಎಂದು ತಿಳಿಯಲು ಸಾವಿರಾರು ರೋಗಿಗಳ ಸರಳ ಪ್ರಯೋಗ ಬೇಕು. ನೀತಿ ಸಮಿತಿಯ ಅನುಮತಿ, ಕನ್ನಡದಲ್ಲಿ ಒಪ್ಪಿಗೆ ಪತ್ರ, ಒಂದು ಪುಟದ ಫಾರಂ, ಹಂಚಿಕೆಗೆ ಒಂದು ಕಂಪ್ಯೂಟರ್ ವ್ಯವಸ್ಥೆ, ಇಷ್ಟನ್ನು ವಿಶ್ವವಿದ್ಯಾಲಯ ಮತ್ತು ಆರೋಗ್ಯ ಇಲಾಖೆ ಸೇರಿ ಮುಂದಿನ ಮಳೆಗಾಲಕ್ಕೆ ಮೊದಲೇ ಸಿದ್ಧಮಾಡಬೇಕು. ಯಾವುದು ಒಳ್ಳೆಯದೆಂದು ತಮಗಿನ್ನೂ ಗೊತ್ತಿಲ್ಲ ಎಂದು ಹೇಳಿ ವೈದ್ಯರು ಒಪ್ಪಿಗೆ ಕೇಳಿದರೆ, ಓದುಗರೇ, ಅನುಮಾನವಿದ್ದಷ್ಟೂ ಪ್ರಶ್ನೆ ಕೇಳಿ, ಸಮಾಧಾನವಾದರೆ ದಯವಿಟ್ಟು ಒಪ್ಪಿಕೊಳ್ಳಿ.