‘ನಮ್ಮದೇನೂ ಅಭ್ಯಂತರವಿಲ್ಲ’

“ನಮ್ಮದೇನೂ ಅಭ್ಯಂತರವಿಲ್ಲ, ಆದರೆ ಅಕ್ಕಪಕ್ಕದವರು ಒಪ್ಪುವುದಿಲ್ಲ.” ಬಾಡಿಗೆಮನೆಯನ್ನು ಹುಡುಕಿಕೊಂಡು ಬಂದ ವಿದೇಶೀ ವಿದ್ಯಾರ್ಥಿಗೆ ಬೆಂಗಳೂರಿನ ಉತ್ತರದ ಬಡಾವಣೆಗಳಲ್ಲಿ ದೊರೆಯುವ ಉತ್ತರಗಳಲ್ಲಿ ಇದು ಅತ್ಯಂತ ವಿನಯದ್ದು. ಯಲಹಂಕದಿಂದ ದೊಡ್ಡಬಳ್ಳಾಪುರದ ಹಾದಿಯಲ್ಲಿ ರಾಜಾನುಕುಂಟೆಯವರೆಗೆ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಹೆಸರಘಟ್ಟ, ಸೋಲದೇವನಹಳ್ಳಿಗಳವರೆಗೆ, ಒಂದು ತಲೆಮಾರಿನ ಹಿಂದೆ ಹೊಲತೋಟಗಳಿದ್ದ ಕಡೆಗಳಲ್ಲೆಲ್ಲ ಇಂದು ಕಾಲೇಜುಗಳೂ ವಿಶ್ವವಿದ್ಯಾಲಯವೂ ತಲೆಯೆತ್ತಿವೆ. ಅವುಗಳ ಸುತ್ತ ಹಳ್ಳಿಯವರೂ ನಗರದವರೂ ಮಹಡಿಯ ಮೇಲೆ ಮಹಡಿ ಕಟ್ಟಿಸಿದ್ದಾರೆ. ಬಾಡಿಗೆಗೆ ಬರುವವರು ಬೇಕು. ಬರುವವರು ನಮ್ಮಂತೆಯೇ ಇರಬೇಕು ಎಂಬುದೂ ಉಂಟು.

ಕಾವ್ಯದ ಒಂದು ಸಾಲನ್ನು ವಿಮರ್ಶಕನು ಬಿಡಿಸಿ ನೋಡುವಂತೆ ಈ ವಾಕ್ಯವನ್ನೂ ನೋಡಬೇಕಾಗಿದೆ. ಇದರಲ್ಲಿ ನಿರಾಕರಣೆ ಇದೆ, ನಿರಾಕರಿಸುವವನು ಇಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಅವರೂ ತಮ್ಮ ಪಕ್ಕದವರತ್ತ ಕೈ ತೋರಿಸುತ್ತಾರೆ. ಬೀದಿಯ ಕೊನೆಯವರೆಗೆ ನಡೆದರೂ ಅಭ್ಯಂತರವುಳ್ಳವನೊಬ್ಬನು ಸಿಗಲಾರ. ‘ನಾಲ್ಕು ಜನ ಏನೆಂದಾರು’ ಎಂದು ನಾವು ಹೇಳುವಾಗಲೂ ಆ ನಾಲ್ವರು ಯಾರೆಂದು ಕೇಳುವ ರೂಢಿ ನಮ್ಮಲ್ಲಿಲ್ಲವಷ್ಟೆ.

ಸಮುದಾಯದ ಏಕರೂಪತೆಯ ವಿಷಯ ಬಂದಾಗಲೆಲ್ಲ ಜಪಾನನ್ನು ಉದಾಹರಿಸುವುದು ವಾಡಿಕೆ. ಮೇಲೆದ್ದ ಮೊಳೆಗೆ ಸುತ್ತಿಗೆಯ ಪೆಟ್ಟು ತಪ್ಪದೆಂಬ ಅರ್ಥದ ಗಾದೆ ಆ ದೇಶದ್ದು. ಹೊಕ್ಕೈಡೊ ದ್ವೀಪದ ಒಟಾರು ಎಂಬ ಬಂದರು ಪಟ್ಟಣದ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹವೊಂದು 1990ರ ದಶಕದಲ್ಲಿ ತನ್ನ ಬಾಗಿಲಲ್ಲಿ ‘ಜಪಾನೀಯರಿಗೆ ಮಾತ್ರ’ ಎಂಬ ಫಲಕವನ್ನು ಹಾಕಿತ್ತು. ಹಡಗುಗಳಿಂದ ಇಳಿದು ಬರುವ ರಷ್ಯದ ನಾವಿಕರು ಕುಡಿದು ಗದ್ದಲ ಮಾಡುತ್ತಾರೆ, ಇದರಿಂದ ಊರಿನ ಗಿರಾಕಿಗಳು ದೂರವಾಗುತ್ತಾರೆ ಎಂಬುದು ಮಾಲೀಕರ ಸಮಜಾಯಿಷಿ. ಗಮನಿಸಬೇಕು: ಇಲ್ಲಿಯೂ ಮಾಲೀಕರಿಗೆ ಸ್ವತಃ ಏನೂ ಇಲ್ಲ, ಒಪ್ಪದವರು ಗಿರಾಕಿಗಳು. ಅಮೆರಿಕದಲ್ಲಿ ಹುಟ್ಟಿ, ಜಪಾನಿನಲ್ಲಿ ನೆಲೆಸಿ, 2000ದಲ್ಲಿ ಆ ದೇಶದ ಪೌರತ್ವವನ್ನೇ ಪಡೆದವನೊಬ್ಬನು ಮತ್ತೆ ಹೋದಾಗಲೂ ಪ್ರವೇಶ ಸಿಗಲಿಲ್ಲ. ಕಾಗದದಲ್ಲಿ ಅವನು ಜಪಾನೀಯ, ಮುಖದಲ್ಲಿ ಅಲ್ಲ. ಮೂವರು ಸೇರಿ ಹೂಡಿದ ದಾವೆಯಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯವು 2002ರ ನವೆಂಬರಿನಲ್ಲಿ ತಲಾ 10 ಲಕ್ಷ ಯೆನ್ ಪರಿಹಾರ ಕೊಡಿಸಿತು. ದುರ್ವರ್ತನೆ ಮಾಡಿದವನನ್ನು ಹೊರಗೆ ಕಳುಹಿಸಬಹುದು, ವಿದೇಶೀಯರಂತೆ ಕಾಣುವವರನ್ನೆಲ್ಲ ಒಟ್ಟಾಗಿ ತಡೆಯುವುದು ಯುಕ್ತವಲ್ಲ ಎಂಬುದು ತೀರ್ಪಿನ ಸಾರ. ಒಟಾರು ನಗರಾಡಳಿತವನ್ನು ಮಾತ್ರ ನ್ಯಾಯಾಲಯ ಹೊಣೆಯಾಗಿಸಲಿಲ್ಲ.

ಜಪಾನೀಯರು ಹಾಗೆ, ನಾವು ಹಾಗಲ್ಲ, ನಮ್ಮದು ಅತಿಥಿಗಳನ್ನು ದೇವರೆಂದು ಕಂಡ ನಾಡು ಎಂದು ಓದುಗರು ಹೇಳಬಹುದು. ಅದಕ್ಕೆ ಉತ್ತರವಾಗಿ ಸೋಲದೇವನಹಳ್ಳಿಯ ಪ್ರಕರಣವನ್ನು ನೆನೆಯುವುದು ಅನಿವಾರ್ಯ. 2016ರ ಜನವರಿ 31ರ ರಾತ್ರಿ ಆ ಭಾಗದಲ್ಲಿ ಸೂಡಾನಿನ ವಿದ್ಯಾರ್ಥಿಯೊಬ್ಬನು ನಡೆಸುತ್ತಿದ್ದ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತರಾದರು. ಆ ಮನೆಯ ದುಃಖ ಸಣ್ಣದಲ್ಲ, ಜನರ ಸಿಟ್ಟಿಗೂ ಕಾರಣವಿತ್ತು. ಆದರೆ ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ, ಅಪಘಾತದ ಸುದ್ದಿಯನ್ನೇ ಅರಿಯದ, 21 ವರ್ಷದ ತಾಂಜಾನಿಯದ ವಿದ್ಯಾರ್ಥಿನಿಯನ್ನೂ ಅವಳ ಗೆಳೆಯರನ್ನೂ ಗುಂಪು ಹಿಡಿದು ಥಳಿಸಿತು. ಅವಳ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಬಿತ್ತು. ಪಾರಾಗಲೆಂದು ಬಸ್ಸನ್ನು ಹತ್ತಿದರೆ ಒಳಗಿದ್ದವರು ಹೊರಕ್ಕೆ ತಳ್ಳಿದರೆಂದು ಅವಳು ಹೇಳಿದಳು. ಬಳಿಕ ಕೆಲವರ ಬಂಧನವಾಯಿತು, ಪೊಲೀಸರ ಅಮಾನತೂ ಆಯಿತು. ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ನೋವು ವ್ಯಕ್ತಪಡಿಸಿದರು. ರಾಜ್ಯದ ಗೃಹಸಚಿವರಾಗಿದ್ದ ಜಿ. ಪರಮೇಶ್ವರ ಅವರು ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಹುಟ್ಟಿದ ಪ್ರತಿಕ್ರಿಯೆ ಎಂದರು.

ಈ ವಿವರಣೆ ಒಪ್ಪತಕ್ಕದ್ದಲ್ಲ. ಅಪಘಾತ ಮಾಡಿದವನು ಸೂಡಾನಿನವನು, ಪೆಟ್ಟು ತಿಂದವಳು ತಾಂಜಾನಿಯದವಳು. ದೇಶ ಬೇರೆ, ಕಾರು ಬೇರೆ, ವ್ಯಕ್ತಿ ಬೇರೆ. ಇವರಿಬ್ಬರನ್ನು ಗುಂಪಿನ ಕಣ್ಣಿನಲ್ಲಿ ಕೂಡಿಸಿದ್ದು ಮೈಬಣ್ಣವಲ್ಲದೆ ಮತ್ತೇನು? ಅದನ್ನು ತೆಗೆದುಹಾಕಿದರೆ ಪ್ರತಿಕ್ರಿಯೆ ಎಂಬ ಮಾತಿಗೆ ಅರ್ಥವೇ ಉಳಿಯದು.

ಬಸ್ಸಿನ ಮಾತು ನನ್ನನ್ನು ಬಹಳ ಕಾಡಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬುದು ಬೆಂಗಳೂರಿನ ಜೀವನಸೂತ್ರವೆಂದು ಹಾಸ್ಯ ಮಾಡುವುದುಂಟು. ಅದು ಬಸ್ಸಿನ ಭಾಷೆಯೇ. ಇಬ್ಬರು ಕುಳಿತ ಆಸನದ ಬಳಿ ಮೂರನೆಯವನು ನಿಂತು ಹಾಗೆನ್ನುತ್ತಾನೆ, ಕುಳಿತವರು ಸರಿದು ಎಡೆ ಮಾಡುತ್ತಾರೆ. ಹೊಂದಿಕೊಳ್ಳಬೇಕಾದವರು ಮೊದಲೇ ಕುಳಿತವರು ಎಂಬ ಸೊಗಸಾದ ತಿಳಿವಳಿಕೆ ಆ ಮಾತಿನಲ್ಲಿದೆ. ಪರದೇಶದವರ ವಿಷಯದಲ್ಲಿ ನಾವು ಅದನ್ನು ತಿರುಗಿಸಿಬಿಟ್ಟಿದ್ದೇವೆ: ಅವರು ನಮ್ಮ ಊಟಕ್ಕೆ, ಉಡುಗೆಗೆ, ಮಲಗುವ ಹೊತ್ತಿಗೆ ಹೊಂದಿಕೊಳ್ಳಲಿ, ಆಮೇಲೆ ಜಾಗದ ಮಾತು. ‘ಪರದೇಶಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ದಿಕ್ಕಿಲ್ಲದವನು ಎಂಬ ಅರ್ಥವೂ ಬಂದಿದೆ. ಬೇರೆ ನೆಲದಿಂದ ಬಂದವನಿಗೆ ಇಲ್ಲಿ ಹಿಂದುಮುಂದಿಲ್ಲವೆಂಬ ಮರುಕದಿಂದ ಆ ಅರ್ಥ ಹುಟ್ಟಿದ್ದಿರಬೇಕು. ಈಗ ಆ ಶಬ್ದ ಬೈಗುಳವಾಗಿ ಉಳಿದಿದೆ.

ಪರದೇಶಿಯಾಗಲು ಕಡಲು ದಾಟಬೇಕಾಗಿಯೂ ಇಲ್ಲ. 2012ರ ಆಗಸ್ಟ್ ಮಧ್ಯಭಾಗದಲ್ಲಿ ಮೊಬೈಲ್ ಸಂದೇಶಗಳ ವದಂತಿಯನ್ನು ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಬೆಂಗಳೂರನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಾಮೂಹಿಕ ಸಂದೇಶಗಳಿಗೆ ಕೇಂದ್ರ ಸರ್ಕಾರ ಮಿತಿ ಹೇರಿತು. ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರು ಅಭಯವಿತ್ತರೂ ಜನ ನಿಲ್ಲಲಿಲ್ಲ. ವದಂತಿ ಸುಳ್ಳೆಂದು ಹೇಳಿ ನಾವು ಸಮಾಧಾನಪಟ್ಟೆವು. ಭಾರತದ ಪ್ರಜೆಗಳೇ ಆದ ಅವರು ಅದನ್ನು ಅಷ್ಟು ಬೇಗ ನಂಬಿದ್ದೇಕೆ ಎಂದು ಕೇಳಿಕೊಂಡವರು ಕಡಿಮೆ. ಮುಖ ನೋಡಿ ಯಾವ ದೇಶದವನೆಂದು ದಿನವೂ ವಿಚಾರಿಸಲ್ಪಡುವವನಿಗೆ ಅಂಥ ಸುದ್ದಿಯನ್ನು ನಂಬಲು ಹೆಚ್ಚಿನ ಸಾಕ್ಷ್ಯ ಬೇಕಾಗದು.

ಈ ಪತ್ರಿಕೆಯನ್ನು ಓದುವ ಮನೆಗಳಿಗೂ ವಿಶ್ವಸ್ತ ಮಂಡಳಿಗಳಿಗೂ ಸಂಬಂಧಿಸಿದ ಒಂದು ಮಾತಿದೆ. 1368ರ ಶ್ರವಣಬೆಳಗೊಳದ ಶಾಸನವನ್ನು ನಾವು ಅಭಿಮಾನದಿಂದ ಉಲ್ಲೇಖಿಸುತ್ತೇವೆ. ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟಾಗ, ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನರು ಬಹುಜನರಂತೆ ಆಗಲಿ ಎಂದು ಅವನು ವಿಧಿಸಲಿಲ್ಲ. ಅವರ ರಕ್ಷಣೆಯನ್ನು ಬಲಿಷ್ಠರ ಹೊಣೆಗೆ ಸೇರಿಸಿದನು. (ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನು ನೇಮಿಸಲು ಜೈನರೇ ಮನೆಗೊಂದು ಹಣದಂತೆ ವರ್ಷವರ್ಷ ಕೊಡಬೇಕಾಗಿತ್ತು. ಈ ಭಾಗವನ್ನು ನಾವು ಅಷ್ಟಾಗಿ ಉಲ್ಲೇಖಿಸುವುದಿಲ್ಲ.)

ಆ ಶಾಸನವನ್ನು ಹೊಗಳುವವರ ಮನೆಗಳ ಮುಂದೆಯೂ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವುಂಟು. ಒಂದೇ ಗೋಡೆಯ ಆಚೀಚೆ ವಾಸಿಸುವವರು ಅಡುಗೆಮನೆಯ ನಿಯಮವೊಂದನ್ನು ಮುಂದಿಡುವುದನ್ನು ನಾನು ತಪ್ಪೆನ್ನಲಾರೆ. ಅದು ನಡವಳಿಕೆಗೆ ಹಾಕಿದ ನಿಬಂಧನೆ, ಯಾರು ಬೇಕಾದರೂ ಒಪ್ಪಿ ಪಾಲಿಸಬಹುದಾದದ್ದು. ಆದರೆ ನೈಜೀರಿಯದ ಹುಡುಗನೊಬ್ಬನು ‘ಆಗಲಿ, ಮನೆಯಲ್ಲಿ ಮಾಂಸವನ್ನು ಬೇಯಿಸುವುದಿಲ್ಲ’ ಎಂದು ಒಪ್ಪಿಕೊಂಡ ಮೇಲೂ ‘ಅಕ್ಕಪಕ್ಕದವರು’ ಎಂದು ಆರಂಭಿಸುವುದಾದರೆ, ಒಟಾರುವಿನ ಸ್ನಾನಗೃಹದ ಫಲಕಕ್ಕೂ ನಮ್ಮ ಫಲಕಕ್ಕೂ ಇರುವ ಅಂತರ ಎಷ್ಟು? ಕಟ್ಟಡಗಳನ್ನು ಬಾಡಿಗೆಗೆ ಕೊಡುವ ಮಂಡಳಿಗಳು ತಮ್ಮ ನಿಬಂಧನೆಗಳನ್ನೆಲ್ಲ ಬರೆದಿಟ್ಟು, ಬಂದವರೆಲ್ಲರಿಗೂ ಅದೊಂದನ್ನೇ ಓದಿ ಹೇಳುವುದು ಕಷ್ಟವೇನಲ್ಲ. ಹಾಗೆ ಬರೆಯಲು ಕುಳಿತಾಗ, ಅಕ್ಕಪಕ್ಕದವರ ಒಪ್ಪಿಗೆ ಎಂಬ ನಿಬಂಧನೆಯ ಕೆಳಗೆ ಯಾರ ಸಹಿ ಹಾಕಿಸಬೇಕೆಂಬುದು ಮಂಡಳಿಗೆ ಎದುರಾಗುವ ಮೊದಲ ಪ್ರಶ್ನೆಯಾದೀತು.